ಹೊಲಿಗೆ ಡಬ್ಬಿಯ ಗುಂಡಿ ಆಲ್ಬಮ್ಮಿಗೆ ಬರಲಿ

ನಿಮ್ಮ ಹೊಲಿಗೆ ಡಬ್ಬಿಯಲ್ಲಿ ಎಷ್ಟು ಗುಂಡಿಗಳಿವೆ, ಎಣಿಸಿದ್ದೀರಾ? ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಯೋ, ಹಾರ್ಲಿಕ್ಸ್ ಬಾಟಲಿಯೋ, ಅದರ ತಳದಲ್ಲಿ ಒಂದು ಹಿಡಿ ಇದ್ದೇ ಇರುತ್ತವೆ. ಯಜಮಾನರ ಅಂಗಿಯದು, ಮಗನ ಯೂನಿಫಾರ್ಮಿನದು, ಯಾವ ಕಾಲದ್ದೋ ಸ್ವೆಟರಿನದು. ‘ಇರಲಿ, ಯಾವತ್ತಾದ್ರೂ ಬೇಕಾಗುತ್ತೆ’ ಅಂತ ಎತ್ತಿಟ್ಟಿರುತ್ತೇವೆ. ಆ ಯಾವತ್ತೋ ಬರುವುದೇ ಇಲ್ಲ ಬಿಡಿ!

ಫೋಟೋ ಅಂಟಿಸಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದು, ಸುತ್ತ ಒಂದಿಷ್ಟು ಅಲಂಕಾರ ಮಾಡಿ ಸ್ಕ್ರ್ಯಾಪ್ ಬುಕ್ ತಯಾರಿಸುವ ಹವ್ಯಾಸ ನಿಮಗಿದ್ದರೆ ಈ ಗುಂಡಿಗಳಿಗೆ ಕೆಲಸ ಕೊಡಬಹುದು. ಅಲಂಕಾರಕ್ಕೆಂದೇ ಬಣ್ಣಬಣ್ಣದ ಗುಂಡಿಗಳ ಪೊಟ್ಟಣ ಅಂಗಡಿಯಲ್ಲೂ ಸಿಗುತ್ತದೆ. ಚಂದವೇನೋ ಹೌದು. ಆದರೆ ಫೋಟೋದಲ್ಲಿ ತೊಟ್ಟ ಅಂಗಿಯದೇ ಗುಂಡಿ ಅದೇ ಫೋಟೋದ ಪಕ್ಕ ಕುಳಿತರೆ ಅದರ ಸೊಗಸೇ ಬೇರೆ.

ಯಾಕೆ ಅಂತೀರಾ? ಬಟ್ಟೆ ಉಳಿಯುವುದಿಲ್ಲ. ನಮ್ಮ ಕಡೆ ಹಳೇ ಬಟ್ಟೆ ಒಂದೋ ಕೌದಿಯಾಗುತ್ತದೆ, ಇಲ್ಲವೇ ಬಾಗಿಲಿಗೆ ಬಂದ ಸ್ಟೀಲ್ ಪಾತ್ರೆಯವಳ ಗಂಟು ಸೇರುತ್ತದೆ. ಕೌದಿಗೆ ಹಾಕುವ ಮೊದಲು ಮೈಗೆ ಒತ್ತದಿರಲೆಂದು ಗುಂಡಿ ಕತ್ತರಿಸಿ ತೆಗೆಯುತ್ತೇವಲ್ಲ, ಉಳಿಯುವುದು ಅದೊಂದೇ. ತೀರಿಕೊಂಡ ಮಾವನವರ ನೆಹರೂ ಶರ್ಟು ಎಂದೋ ಹೋಗಿರಬಹುದು, ಅದರ ಗುಂಡಿ ಮಾತ್ರ ಡಬ್ಬಿಯಲ್ಲಿ ಇದ್ದೀತು. ಯಾವುದು ಅದು? ಹೇಳಬಲ್ಲವರು ಮನೆಯಲ್ಲಿ ಬಹುಶಃ ಒಬ್ಬರೇ, ನಿಮ್ಮ ಅತ್ತೆ.

ಆದ್ದರಿಂದ ಅಂಟು, ಕತ್ತರಿ ಹುಡುಕುವ ಮೊದಲು ಈ ವಾರವೇ ಒಂದು ಮಧ್ಯಾಹ್ನ ಡಬ್ಬಿಯನ್ನು ಪೇಪರಿನ ಮೇಲೆ ಸುರಿದು ಅವರ ಮುಂದೆ ಕುಳಿತುಕೊಳ್ಳಿ. ‘ಅಯ್ಯ, ಈ ಗುಂಡಿ ತಗೊಂಡು ಏನ್ ಮಾಡ್ತೀಯವ್ವಾ?’ ಅಂತ ಮೊದಲು ನಕ್ಕಾರು. ಆಮೇಲೆ ಒಂದನ್ನು ಕೈಗೆತ್ತಿಕೊಂಡು ‘ಇದು ನಿಮ್ಮ ಮಾವಾರು ಪ್ಯಾಟಿಗೆ ಹೋಗೂಮುಂದ ಹಾಕ್ಕೋತಿದ್ರಲ್ಲ, ಆ ಅಂಗೀದು’ ಎಂದು ಶುರು ಮಾಡುತ್ತಾರೆ ನೋಡಿ. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಿ ಪುಸ್ತಕದ ಭಾಷೆ ಮಾಡಲು ಹೋಗಬೇಡಿ. ಗುರುತು ಸಿಕ್ಕ ಗುಂಡಿಯನ್ನು ಆಗಲೇ ಸಣ್ಣ ಚೀಟಿಗೆ ದಾರದಿಂದ ಕಟ್ಟಿಬಿಡಿ, ಇಲ್ಲವಾದರೆ ಸಂಜೆಯ ಹೊತ್ತಿಗೆ ಎಲ್ಲ ಒಂದೇ ಆಗಿರುತ್ತವೆ.

ಗುಂಡಿ ಕೆಲವೊಮ್ಮೆ ಇಸವಿಯನ್ನೂ ಹೇಳುತ್ತದೆ. ಅಳ್ನಾವರವನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿ-ಲೋಂಡಾ ಹಾದಿಯಲ್ಲಿ ದಾಂಡೇಲಿ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಅದು. ಇಂಥ ಊರಲ್ಲಿ ರೈಲ್ವೆಯಲ್ಲಿ ದುಡಿದ ಅಜ್ಜನ ಕೋಟಿನ ಹಿತ್ತಾಳೆ ಗುಂಡಿ ಯಾರದಾದರೂ ಟ್ರಂಕಿನಲ್ಲಿ ಸಿಕ್ಕೀತು. ಸಿಕ್ಕರೆ ಭೂತಗನ್ನಡಿ ಹಿಡಿದು ನೋಡಿ. ಎಂ, ಎಸ್, ಎಂ ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು. ಆ ಹೆಸರು ಬಂದದ್ದು 1908ರಲ್ಲಿ. 1951ರ ಏಪ್ರಿಲ್ 14ರಂದು ಅದು ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಕೋಟು ತೊಟ್ಟ ಅಜ್ಜನ ಫೋಟೋದ ಹಿಂದೆ ತಾರೀಖು ಇಲ್ಲದಿದ್ದರೂ ಕಾಲದ ಅಂದಾಜು ಸಿಕ್ಕಂತಾಯಿತಲ್ಲ! ಹೊಳೆಯಲಿ ಎಂದು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ಕೂರಿಸುವ ಬಗೆ. ಅಂಟಿಸುವುದಕ್ಕಿಂತ ಹೊಲಿಯುವುದೇ ಮೇಲು. ಫೆವಿಕಾಲ್ ಕಾಗದಕ್ಕೆ ಸರಿ, ನುಣುಪಾದ ಪ್ಲಾಸ್ಟಿಕ್ಕಿಗೆ ಸರಿಯಾಗಿ ಹಿಡಿಯುವುದಿಲ್ಲ. ತಕ್ಷಣ ಹಿಡಿಯುವ ಗೋಂದಿನ ಹಬೆ ಪಕ್ಕದ ಫೋಟೋದ ಮೇಲೆ ಬಿಳಿ ಮಬ್ಬು ಬರಿಸೀತು. ದಪ್ಪ ಹಾಳೆಯ ಮೇಲೆ ಗುಂಡಿ ಇಟ್ಟು, ಅದರ ತೂತಿನ ಮೂಲಕವೇ ಸೂಜಿಯಿಂದ ಗುರುತು ಚುಚ್ಚಿಕೊಳ್ಳಿ. ಆಮೇಲೆ ದಾರ ಎಳೆಯಿರಿ, ಎರಡು ಸುತ್ತು ಸಾಕು. ಬಿಗಿಯಾಗಿ ಜಗ್ಗಿದರೆ ಹಾಳೆ ಹರಿಯುತ್ತದೆ. ಹಿಂದಿನ ಗಂಟನ್ನು ಕಾಗದದ ತುಂಡು ಅಂಟಿಸಿ ಮುಚ್ಚಿ. ಹಿಂಬದಿ ಕೊಂಡಿಯಿರುವ ಕೋಟಿನ ಗುಂಡಿಯಾದರೆ ಹಾಳೆಯ ಕೆಳಗೆ ರಟ್ಟು ಕೊಟ್ಟು, ಕೊಂಡಿ ತೂರುವಷ್ಟು ಸೀಳಿ, ಹಿಂದಿನಿಂದ ದಾರ ಹಾಕಿ.

ಎಲ್ಲಿ ಕೂರಿಸುವುದು? ಅಳ್ನಾವರದ ನೆರೆಯ ಹಳಿಯಾಳ ಸೀಮೆಯ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆಯ ತುಂಡುಗಳಿಂದ ಹೊಲಿಯುವ ಕವಂದಿಯನ್ನು ನೋಡಿದ್ದೀರಾ? ಅದರ ಮೂಲೆಗಳಿಗೆ ಬಟ್ಟೆಯನ್ನು ಪದರ ಪದರವಾಗಿ ಮಡಚಿದ ‘ಫೂಲ’ ಇಡುತ್ತಾರೆ. ಪುಟದಲ್ಲೂ ಹಾಗೇ ಮಾಡಿ, ಮೂಲೆಯಲ್ಲಿ ಒಂದೇ ಗುಂಡಿ, ಅದರ ಕೆಳಗೆ ಬರಹ. ಹತ್ತು ಗುಂಡಿ ಪೋಣಿಸಿದರೆ ಕಣ್ಣು ಫೋಟೋದ ಕಡೆ ಹೋಗುವುದೇ ಇಲ್ಲ. ಮಗುವಿನ ಕುಲಾಯಿಯ ಟಿಚ್ ಗುಂಡಿಯಾದರೆ ಜೋಡಿಯನ್ನೂ ಹಚ್ಚಬಹುದು, ಪುಟ್ಟದಿರುತ್ತದೆ.

ಪುಸ್ತಕ ಮುಚ್ಚಿದಾಗ ಗುಂಡಿ ಎದುರು ಪುಟದ ಫೋಟೋಕ್ಕೆ ಒತ್ತಿ ಕಲೆ ಬೀಳಿಸುತ್ತದೆ. ಪುಟಗಳ ನಡುವೆ ಹೊಲಿಗೆಯ ಬದಿಯಲ್ಲಿ ರಟ್ಟಿನ ಸಣ್ಣ ಪಟ್ಟಿ ಸೇರಿಸಿದರೆ ಉಬ್ಬು ತಡೆಯುತ್ತದೆ. ಗುಂಡಿಯ ಎದುರಿನ ಜಾಗವನ್ನು ಖಾಲಿಯೇ ಬಿಡಿ. ಅಳ್ನಾವರದಂಥ ಮಲೆನಾಡ ಸೆರಗಿನ ಊರಿನ ಮಳೆಗಾಲದಲ್ಲಿ ಕಬ್ಬಿಣದ ಗುಂಡಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಹಸಿರುಗಟ್ಟುತ್ತದೆ. ಲೋಹದ ಗುಂಡಿ ಫೋಟೋಕ್ಕೆ ತಾಗದಿರಲಿ. ಪುಸ್ತಕವನ್ನು ಗೋಡೆಗೆ ಆನಿಸದೆ ಬೀರುವಿನ ಮೇಲಿನ ಅರೆಯಲ್ಲಿಡಿ. ಡಾಂಬರು ಗುಳಿಗೆ ಹಾಕಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಅದು ಮೆತ್ತಗಾಗಿಸುತ್ತದೆ. ಅಂಬೆಗಾಲಿಡುವ ಕೂಸು ಮನೆಯಲ್ಲಿದ್ದರೆ ಈ ಕೆಲಸ ಅದು ಮಲಗಿದ ಮೇಲೆಯೇ. ಗುಂಡಿ ನೇರ ಬಾಯಿಗೆ ಹೋಗುತ್ತದೆ.

ಹೊಸ ಬಟ್ಟೆಯ ಗುಂಡಿಯನ್ನೂ ಮರೆಯಬೇಡಿ. ಸಿದ್ಧ ಅಂಗಿಯ ಒಳಮಡಿಕೆಯಲ್ಲಿ ಒಂದೋ ಎರಡೋ ಹೆಚ್ಚಿನ ಗುಂಡಿ ಹೊಲಿದಿರುತ್ತಾರೆ. ಮಗ ಕಾಲೇಜಿನ ಮೊದಲ ದಿನ ತೊಟ್ಟ ಅಂಗಿ, ಮಗಳು ನೋಡುತ್ತ ನೋಡುತ್ತ ಬೆಳೆದುಬಿಟ್ಟ ಫ್ರಾಕು, ಯಾವುದೇ ಇರಲಿ, ಒಂದು ಗುಂಡಿ ಬಿಡಿಸಿ ಲಕೋಟೆಗೆ ಹಾಕಿ, ಮೇಲೆ ಹೆಸರು, ಇಸವಿ ಬರೆದು ಅದೇ ಪುಸ್ತಕದ ಕೊನೆಯ ಪುಟಕ್ಕೆ ಸಿಕ್ಕಿಸಿಡಿ.