ಕೆರೆಯ ನೀರು, ಜಲಕಳೆ ಮತ್ತು ಗೊಬ್ಬರಾಂಶ

ಬಯಲುಸೀಮೆಯ ನಮ್ಮ ಕೆರೆಗಳು ಬಹುಮಟ್ಟಿಗೆ ಅಗಲವಾದವು, ಆದರೆ ಆಳವಿಲ್ಲದವು. ಇಂಥ ಕೆರೆಗಳಲ್ಲಿ ಅಂತರಗಂಗೆ, ಜೊಂಡು, ಪಾಚಿ ಹಬ್ಬಿದಾಗ ಊರಿನವರು ಕೂಡಿ ಕಳೆ ತೆಗೆಸುತ್ತಾರೆ. ಮರುವರ್ಷ ಅದು ಮತ್ತೆ ಹಬ್ಬುತ್ತದೆ. ಹೀಗೇಕಾಗುತ್ತದೆ ಎಂದು ತಿಳಿಯಬೇಕಾದರೆ ಕೆರೆಯೊಳಗಿನ ಗೊಬ್ಬರಾಂಶದ ಜಮಾ-ಖರ್ಚನ್ನು ಅರಿಯುವುದು ಅವಶ್ಯ.

ಬರುವ ಬಾಬ್ತು

ಮಳೆಗಾಲದಲ್ಲಿ ಹೊಲಗಳ ಮೇಲ್ಮಣ್ಣು ಹಳ್ಳಗಳ ಮೂಲಕ ಕೆರೆ ಸೇರುತ್ತದೆ. ರಂಜಕವು ಜೇಡಿಯ ಕಣಗಳಿಗೆ ಅಂಟಿಕೊಂಡು ಬಂದರೆ, ಸಾರಜನಕದ ಹೆಚ್ಚಿನ ಪಾಲು ನೀರಿನಲ್ಲಿ ಕರಗಿ ಬರುತ್ತದೆ. ಕೆರೆಯ ಬಾಯಿಯಲ್ಲಿ ನೀರಿನ ವೇಗ ಕುಗ್ಗುವುದರಿಂದ ಮರಳು ಅಲ್ಲಿಯೇ ಇಳಿಯುತ್ತದೆ. ನಯವಾದ ಗೋಡು ಏರಿಯ ಕಡೆಗೆ ಸಾಗಿ ತಂಗುತ್ತದೆ. ಊರಿನ ಚರಂಡಿ ನೀರು ಸೇರಿದರೆ ಈ ಜಮೆ ಇನ್ನೂ ಹೆಚ್ಚುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕಗಳು ಒಂದಷ್ಟು ಉಳಿದಿರುತ್ತವೆ ಎಂಬುದನ್ನು ಅಂಥ ಕೆರೆಗಳ ರೈತರು ನೆನಪಿನಲ್ಲಿಡಬೇಕು.

ಕೆರೆಯೊಳಗಿನ ಸುತ್ತು

ಜೊಂಡು, ತಾವರೆಯಂಥ ಗಿಡಗಳು ಕೆಸರಿನಲ್ಲಿ ಬೇರೂರಿ ಅಲ್ಲಿಂದಲೇ ಸತ್ವ ಹೀರುತ್ತವೆ. ವಾಟರ್ ಹಯಸಿಂತ್ ಎಂಬ ನೇರಳೆ ಹೂವಿನ ತೇಲುಗಳೆ ನೀರಿನಿಂದಲೇ ಸತ್ವ ಪಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನೂ ಅಂತರಗಂಗೆ ಎನ್ನುವುದುಂಟು. ಅನುಕೂಲ ಹವೆಯಲ್ಲಿ ಎರಡು ವಾರದೊಳಗೆ ಇದು ದುಪ್ಪಟ್ಟಾಗಬಲ್ಲದು.

ಈ ಕಳೆ ನೀರನ್ನು ಚಾಪೆಯಂತೆ ಮುಚ್ಚಿದಾಗ ಬಿಸಿಲೂ ಗಾಳಿಯೂ ಒಳಗಿಳಿಯುವುದಿಲ್ಲ. ಸತ್ತ ಎಲೆ, ಬೇರುಗಳು ತಳದಲ್ಲಿ ಕೊಳೆಯುತ್ತಾ ಆಮ್ಲಜನಕವನ್ನು ಮುಗಿಸುತ್ತವೆ. ಆಮ್ಲಜನಕವಿರುವವರೆಗೆ ಕೆಸರಿನ ಕಬ್ಬಿಣವು ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ತೀರಿದೊಡನೆ ಹಿಡಿತ ಸಡಿಲಿ ರಂಜಕ ಮತ್ತೆ ನೀರಿಗೆ ಬರುತ್ತದೆ. ಅಂದರೆ ಹೊರಗಿನಿಂದ ಏನೂ ಬರದಿದ್ದರೂ ಹಳೆಯ ಕಳೆಯೇ ಹೊಸ ಕಳೆಗೆ ಗೊಬ್ಬರವಾಗುತ್ತದೆ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಆಮ್ಲಜನಕದ ಕೊರತೆಯ ಸೂಚನೆ.

ಹೋಗುವ ಬಾಬ್ತು

ಕೋಡಿ ಬಿದ್ದಾಗ ಹೊರಹೋಗುವುದು ಮೇಲ್ನೀರು. ತೂಬಿನಿಂದ ಹೋಗುವುದು ತಳದ ನೀರು. ಅದರೊಡನೆ ಸತ್ವವೂ ಸ್ವಲ್ಪ ಗೋಡೂ ಅಚ್ಚುಕಟ್ಟಿನ ಗದ್ದೆ ಸೇರುತ್ತವೆ. ಹಿಂದೆ ಪ್ರತಿವರ್ಷ ತೂಬು ತೆರೆಯುತ್ತಿತ್ತು, ಬೇಸಿಗೆಯಲ್ಲಿ ಗೋಡು ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಅನೇಕ ಕಡೆ ಈ ಎರಡೂ ನಿಂತವು. ಜಮೆ ಮಾತ್ರ ನಿಲ್ಲಲಿಲ್ಲ.

1980ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳ ಕೆರೆಯಲ್ಲಿ ನಿಯೊಕೆಟೀನಾ ಎಂಬ ಮೂತಿಹುಳುಗಳನ್ನು ಬಿಟ್ಟು ಈ ಕಳೆಯನ್ನು ಹತೋಟಿಗೆ ತರಲಾಯಿತು. ಇದು ಒಳ್ಳೆಯ ವಿಧಾನವೇ. ಆದರೆ ಹುಳು ಕೊಂದ ಗಿಡದ ಸತ್ವವೂ ಕೆರೆಯಲ್ಲಿಯೇ ಉಳಿಯುತ್ತದೆ. ಕಳೆನಾಶಕ ಸಿಂಪಡಿಸಿದರೂ ಅಷ್ಟೇ. ಒಮ್ಮೆಲೇ ಕೊಳೆತು ಮೀನು ಸಾಯುವ ಅಪಾಯ ಬೇರೆ.

ಒಂದು ಲೆಕ್ಕ

ಹಸಿ ಹಯಸಿಂತ್‌ನಲ್ಲಿ ಶೇಕಡಾ 95ರಷ್ಟು ನೀರೇ ಇದೆಯೆಂದು ಹಿಡಿದರೆ ಒಂದು ಟನ್ನಿನಲ್ಲಿ ಒಣ ಪದಾರ್ಥ 50 ಕಿಲೋ. ಅದರಲ್ಲಿ ಸಾರಜನಕ ಶೇಕಡಾ 2 ಎಂದರೆ 1 ಕಿಲೋ, ಅಂದರೆ ಎರಡು ಕಿಲೋ ಯೂರಿಯಕ್ಕಿಂತ ತುಸು ಹೆಚ್ಚು. ಗೊಬ್ಬರಕ್ಕಾಗಿಯೇ ಹಸಿ ಕಳೆಯನ್ನು ದೂರ ಸಾಗಿಸುವುದು ಲಾಭದಾಯಕವಲ್ಲ. ಬಾಡಿಸಿ ಸಾಗಿಸಿದರೆ ಹೊರೆ ತಗ್ಗುತ್ತದೆ, ಕೆರೆಯೂ ಉಳಿಯುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಹೂ ಬಿಟ್ಟು ಬೀಜ ಉದುರುವ ಮೊದಲೇ ಕಳೆ ತೆಗೆಯಿರಿ. ಬೀಜ ಕೆಸರಿನಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತದೆ.

2. ತೆಗೆದ ಕಳೆಯನ್ನು ಏರಿಯ ಒಳಮಗ್ಗುಲಿಗೆ ರಾಶಿ ಹಾಕಬೇಡಿ. ಮೊದಲ ಮಳೆಗೆ ಅದರ ರಸವೆಲ್ಲ ಕೆರೆಗೇ ಇಳಿಯುತ್ತದೆ. ಏರಿಯ ಹೊರಗೆ ಬಾಡಿಸಿ, ಸಗಣಿ ಮತ್ತು ಮಣ್ಣಿನೊಡನೆ ಪದರ ಪದರವಾಗಿ ಹಾಕಿ ಕಾಂಪೋಸ್ಟ್ ಮಾಡಿ.

3. ಕಾರ್ಖಾನೆಯ ನೀರು ಸೇರುವ ಕೆರೆಯ ಕಳೆ ಮತ್ತು ಗೋಡಿನಲ್ಲಿ ಭಾರಲೋಹಗಳಿರಬಹುದು. ಪರೀಕ್ಷೆ ಮಾಡಿಸದೆ ಆಹಾರ ಬೆಳೆಗೆ ಹಾಕಬೇಡಿ.

4. ಗೋಡು ತೆಗೆಯುವಾಗ ಏರಿಯ ಬುಡವನ್ನು ಕೆದಕಬೇಡಿ. ಅಡಿಯ ಗಟ್ಟಿ ಜೇಡಿಯನ್ನು ಒಡೆದರೆ ನೀರು ನಿಲ್ಲುವುದಿಲ್ಲ, ಏರಿಗೂ ಅಪಾಯ.

5. ಕೆರೆಯ ಬಾಯಿಯ ಜೊಂಡನ್ನು ಪೂರ್ತಿ ಕೀಳಬೇಡಿ. ಅದು ನೀರಿನ ವೇಗ ತಗ್ಗಿಸಿ ಹೂಳನ್ನು ತಡೆಯುತ್ತದೆ. ವರ್ಷಕ್ಕೊಮ್ಮೆ ಕೊಯ್ದು ಹೊರಗೆ ಸಾಗಿಸಿದರೆ ಸಾಕು.

6. ಮೇಲಿನ ಹೊಲಗಳಲ್ಲಿ ಬದು ಹಾಕಿ; ನಿಮ್ಮ ಮೇಲ್ಮಣ್ಣು ನಿಮ್ಮಲ್ಲೇ ಉಳಿಯಲಿ.

ಕಳೆಯನ್ನು ಕಿತ್ತರೆ ಸಾಲದು, ಕೆರೆಯಿಂದಾಚೆಗೆ ಒಯ್ಯಬೇಕು. ರೈತರು ಈ ಒಂದು ಮಾತನ್ನು ಪಾಲಿಸಿದರೆ ಕೆರೆಗೆ ಹೊರೆಯಾದದ್ದೇ ಹೊಲಕ್ಕೆ ಸಾರವಾಗುವುದರಲ್ಲಿ ಸಂದೇಹವಿಲ್ಲ.