ಹಿಟ್ಟಿನ ಕೋಳಿಯೂ ಕಾಗದದ ಮನುಷ್ಯನೂ

ಕಥೆಯಲ್ಲಿ ಬರುವ ಕೆಟ್ಟವನಿಗೆ ಎಷ್ಟು ಶಿಕ್ಷೆಯಾದರೂ ಓದುಗನಿಗೆ ಕಡಿಮೆಯೆನಿಸುತ್ತದೆ. ಅವನೇನು ನಿಜವಾದ ಮನುಷ್ಯನೇ, ಕಾಗದದ ಮೇಲಿನವನು, ಅವನಿಗೆ ನೋವಾದರೆ ಯಾರಿಗೆ ಏನು ನಷ್ಟ ಎಂದು ಕೇಳುವವರುಂಟು. ನಾವೂ ಹಾಗೆಯೇ ತಿಳಿದಿದ್ದೆವು. ಕಳೆದ ವರ್ಷ ಭಾದ್ರಪದದಲ್ಲಿ ನಡೆದ ಒಂದು ಸಂಗತಿಯಿಂದ ನಮ್ಮ ತಿಳುವಳಿಕೆ ಬದಲಾಯಿತು. ಅದನ್ನು ಧರ್ಮಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮದು ಉಮರ್ಗಾದಲ್ಲಿ ಅಡತಿ ಅಂಗಡಿ. ಮಗಳನ್ನು ಉದಗೀರಕ್ಕೆ ಕೊಟ್ಟಿದ್ದೇವೆ. ದಶಲಕ್ಷಣ ಪರ್ವಕ್ಕೆಂದು ಅಲ್ಲಿಗೆ ಹೋದಾಗ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗನ ಸಲುವಾಗಿ ಶಾಲೆಯಿಂದ ಕರೆ ಬಂದಿತ್ತು. ಪರೀಕ್ಷೆಯಲ್ಲಿ ಕೆಲವು ಹುಡುಗರು ನಕಲು ಮಾಡಿದ್ದನ್ನು ಒಬ್ಬ ಹುಡುಗಿ ಬಾಯಿಯವರಿಗೆ ಹೇಳಿದ್ದಳಂತೆ. ಮರುದಿನ ಈತನೂ ಗೆಳೆಯರೂ ಸೇರಿ ಆಕೆಯ ದಫ್ತರದ ಮೇಲೆ ಅಳಿಸಲಾಗದ ಶಾಯಿಯಲ್ಲಿ 'ಚಾಡಿಕೋರಿ' ಎಂದು ಬರೆದರು. ಆ ಹುಡುಗಿ ನಾಲ್ಕು ದಿನದಿಂದ ಶಾಲೆಗೆ ಬಂದಿರಲಿಲ್ಲ.

ನಾವು ಹತ್ತಿರ ಕೂಡಿಸಿಕೊಂಡು ಕೇಳಿದೆವು. "ಅಜ್ಜಾ, ಆಕಿ ಯಾರಿಗೂ ಸೇರೂದಿಲ್ಲ. ಭಾಳ ಸೊಕ್ಕಿನಾಕಿ. ಪುಸ್ತಕದಾಗೂ ಹಿಂಗ ಮಾಡ್ಯಾರ. ಆಕಿಗೆ ಹಂಗ ಆಗಬೇಕಿತ್ತು" ಎಂದ. ತಪ್ಪು ಮಾಡಿದೆ ಎಂಬ ಅಳುಕು ಅವನ ಮಾತಿನಲ್ಲಿ ಇರಲಿಲ್ಲ.

ಯಾವ ಪುಸ್ತಕವೆಂದು ವಿಚಾರಿಸಿದೆವು. ರೌಲಿಂಗ್ ಎಂಬ ಇಂಗ್ಲಿಷ್ ಲೇಖಕಿ ಬರೆದ ಹ್ಯಾರಿ ಪಾಟರನ ಕಥೆ. ೧೯೯೭ರಿಂದ ೨೦೦೭ರ ಒಳಗೆ ಏಳು ಭಾಗಗಳಾಗಿ ಬಂದು ಜಗತ್ತಿನ ಮಕ್ಕಳೆಲ್ಲ ಓದಿದ ಪುಸ್ತಕ. ನಾವು ಮ್ಯಾಟ್ರಿಕ್ ಓದಿದವರು, ಅಷ್ಟು ಇಂಗ್ಲಿಷ್ ನಮಗೆ ಬರುವುದಿಲ್ಲ. ಆದ್ದರಿಂದ ಮೊಮ್ಮಗನಿಂದಲೇ ಕಥೆ ಹೇಳಿಸಿಕೊಂಡೆವು. ೨೦೦೩ರಲ್ಲಿ ಬಂದ ಐದನೆಯ ಭಾಗದಲ್ಲಿ ಮ್ಯಾರಿಯೆಟಾ ಎಂಬ ಹುಡುಗಿ ನಾಯಕನ ಗುಂಪಿನ ಗುಟ್ಟನ್ನು ಹೊರಗೆ ಹೇಳುತ್ತಾಳೆ. ಮೊದಲೇ ಹಾಕಿಟ್ಟಿದ್ದ ಮಾಟದಿಂದ ಆಕೆಯ ಮುಖದ ಮೇಲೆ ಗುಳ್ಳೆಗಳೆದ್ದು 'ಚಾಡಿಕೋರಿ' ಎಂಬರ್ಥದ ಅಕ್ಷರಗಳಾಗುತ್ತವೆ. ಮುಂದಿನ ಭಾಗದಲ್ಲಿಯೂ ಆ ಗುಳ್ಳೆಗಳು ಪೂರ್ಣ ಮಾಯುವುದಿಲ್ಲ. ಆಕೆಯ ತಾಯಿ ಸರಕಾರದ ನೌಕರಿಯಲ್ಲಿದ್ದವಳು. ಆ ಮಗು ಎಂಥ ಅಡಕತ್ತರಿಯಲ್ಲಿ ಸಿಕ್ಕಿತ್ತೆಂದು ಓದುವ ಮಕ್ಕಳು ಯೋಚಿಸುವುದಿಲ್ಲ, ನಗುತ್ತಾರೆ. ಮೊದಲ ಭಾಗದಲ್ಲಿ ಡಡ್ಲಿ ಎಂಬ ದಪ್ಪ ಹುಡುಗನಿಗೆ ಹಂದಿಯ ಬಾಲ ಮೂಡಿಸುತ್ತಾರಂತೆ. ಸಿಟ್ಟು ಬಂದದ್ದು ಅವನ ತಂದೆಯ ಮಾತಿಗೆ, ಬಾಲ ಬಂದದ್ದು ಮಗನಿಗೆ!

ಇದನ್ನು ಕೇಳುವಾಗ ನಮಗೆ ನಮ್ಮ ಅಜ್ಜಿ ಹೇಳುತ್ತಿದ್ದ ಯಶೋಧರನ ಕಥೆ ನೆನಪಾಯಿತು. ನಮ್ಮ ಭಾಗದಲ್ಲಿ ಶಾಲೆ, ಬಜಾರು ಎಲ್ಲ ಮರಾಠಿ, ಕನ್ನಡ ಉಳಿದದ್ದು ಅಡಿಗೆಮನೆಯಲ್ಲಿ ಮತ್ತು ಅಜ್ಜಿಯರ ಕಥೆಗಳಲ್ಲಿ. ಜನ್ನ ಕವಿ ೧೨೦೯ರಲ್ಲಿ ಕನ್ನಡದಲ್ಲಿ ಬರೆದ ಈ ಕಥೆಯನ್ನು ಅವನಿಗಿಂತ ಮುಂಚೆಯೇ ಪುಷ್ಪದಂತ ಕವಿ ಮಾನ್ಯಖೇಟದಲ್ಲಿದ್ದು ಅಪಭ್ರಂಶದಲ್ಲಿ ಬರೆದಿದ್ದನು. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ತಾಯಿ ಚಂದ್ರಮತಿ ಪ್ರಾಣಿಬಲಿ ಕೊಡಬೇಕೆಂದು ಹಠ ಹಿಡಿದಾಗ ಯಶೋಧರ ಜೀವಹಿಂಸೆಗೆ ಒಪ್ಪಲಿಲ್ಲ. ಕೊನೆಗೆ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿದನು. ಅದರಲ್ಲಿ ಜೀವವಿರಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮುಂತಾಗಿ ಜನ್ಮಜನ್ಮಾಂತರ ತೊಳಲಬೇಕಾಯಿತು. ಕೋಳಿ ಹಿಟ್ಟಿನದಾದರೂ ಕಡಿಯುವ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ಕಥೆಯ ಪಾತ್ರವೂ ಹಿಟ್ಟಿನ ಕೋಳಿಯಂತೆಯೇ ಅಲ್ಲವೇ? ಮ್ಯಾರಿಯೆಟಾಳಿಗೆ ನೋವಿಲ್ಲ ನಿಜ. ಆಕೆಯ ನೋವಿಗೆ ಹಿಗ್ಗುವ ನಮ್ಮ ಹುಡುಗನ ಮನಸ್ಸು ಮಾತ್ರ ನಿಜವಾದದ್ದು. ಅದೇ ಮನಸ್ಸು ಮರುದಿನ ಶಾಯಿ ಹಿಡಿದು ನಿಜವಾದ ದಫ್ತರದ ಹತ್ತಿರ ಹೋಯಿತು. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಮೆಚ್ಚುವುದು, ಈ ಮೂರರಿಂದಲೂ ಕರ್ಮಬಂಧವಾಗುತ್ತದೆಂದು ತತ್ವಾರ್ಥಸೂತ್ರ ಸುಮ್ಮನೆ ಹೇಳಿಲ್ಲ.

ಹಾಗಾದರೆ ಕೆಟ್ಟವರಿಗೆ ಶಿಕ್ಷೆಯೇ ಬೇಡವೇ, ಮಕ್ಕಳು ಏನು ಕಲಿಯಬೇಕು ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಜನ್ನನ ಕಥೆಯಲ್ಲಿಯೂ ಗಂಡನಿಗೆ ವಿಷವಿಕ್ಕಿದ ಅಮೃತಮತಿ ನರಕಕ್ಕೆ ಹೋಗುತ್ತಾಳೆ. ಮಾಡಿದ್ದರ ಫಲ ತಪ್ಪುವುದಿಲ್ಲವೆಂದು ಮಕ್ಕಳಿಗೆ ತಿಳಿಯಲೇಬೇಕು. ಆದರೆ ವ್ಯಾಪಾರಿಗಳಾದ ನಮಗೆ ಲೆಕ್ಕ ಗೊತ್ತಿದೆ. ನೂರು ರೂಪಾಯಿ ಉದ್ರಿ ಇದ್ದವನಿಂದ ನೂರು ವಸೂಲು ಮಾಡುವುದು ನ್ಯಾಯ. ಅವನ ಮೋರೆ ನಮಗೆ ಸೇರುವುದಿಲ್ಲವೆಂದು ಸಾವಿರ ವಸೂಲು ಮಾಡಿದರೆ ಅದು ದರೋಡೆ. ಸೊಕ್ಕು, ಒರಟುತನ, ಚಾಡಿ ಇವು ದೋಷಗಳು ಹೌದು, ಆದರೆ ಅವುಗಳ ಖಾತೆ ಸಣ್ಣದು. ಮನಸ್ಸಿಗೆ ಸೇರದವನನ್ನೂ ಅಪರಾಧಿಯನ್ನೂ ಒಂದೇ ಖಾತೆಗೆ ಬರೆಯಬಾರದು.

ಜನ್ನನ ಕಥೆ ಅಮೃತಮತಿಯ ನರಕದಲ್ಲಿ ಮುಗಿಯುವುದೂ ಇಲ್ಲ. ಅಭಯರುಚಿ, ಅಭಯಮತಿ ಎಂಬ ಮಕ್ಕಳನ್ನು ಬಲಿ ಕೊಡಲು ನಿಂತ ಮಾರಿದತ್ತ ರಾಜನಿಗಿಂತ ಕ್ರೂರಿ ಯಾರು? ಕೇಳುವವರಿಗೆ ಅವನ ಮೇಲೆ ಸಿಟ್ಟು ಬರುತ್ತದೆ. ಕವಿ ಅವನನ್ನು ಕೊಲ್ಲಿಸಲಿಲ್ಲ. ಆ ಮಕ್ಕಳ ಬಾಯಿಂದಲೇ ಕಥೆ ಕೇಳಿಸಿ ಹಿಂಸೆಯನ್ನು ಬಿಡಿಸಿದನು. ಭಗವಾನ್ ಪಾರ್ಶ್ವನಾಥರಿಗೆ ಜನ್ಮಜನ್ಮಗಳಲ್ಲಿ ಉಪಸರ್ಗ ಮಾಡಿದ ಕಮಠನ ಜೀವವೂ ಕೊನೆಗೆ ಶಾಂತವಾಗಿ ಸಮ್ಯಕ್ತ್ವ ಪಡೆಯಿತೆಂದು ನಮ್ಮ ಪುರಾಣ ಹೇಳುತ್ತದೆ. ಆ ಇಂಗ್ಲಿಷ್ ಪುಸ್ತಕದ ಕೊನೆಯ ಭಾಗದಲ್ಲಿಯೂ ಡಡ್ಲಿ ಹ್ಯಾರಿಯ ಕೈ ಕುಲುಕುತ್ತಾನಂತೆ. ತನ್ನನ್ನು ಸದಾ ಕಾಡಿದ ಡ್ರೇಕೋನನ್ನು ಹ್ಯಾರಿಯೇ ಬೆಂಕಿಯಿಂದ ಎತ್ತಿ ಉಳಿಸುತ್ತಾನಂತೆ. "ಅದನ್ನ ಯಾಕ ಮರತಿ?" ಎಂದು ಕೇಳಿದೆವು. ಹುಡುಗ ತಲೆ ತಗ್ಗಿಸಿದ.

ಬುದ್ಧಿ ಹೇಳಿದೆವೇನೋ ಸರಿ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ೧೯೭೨ರ ಬರಗಾಲ ಕಣ್ಣ ಮುಂದೆ ಬಂದಿತು. ಆಗ ನಮ್ಮ ಅಂಗಡಿಯಲ್ಲಿ ಚೀಲ ಹೊಲಿಯಲು ನಿಲಂಗಾ ಕಡೆಯ ಹಳ್ಳಿಯಿಂದ ಬಂದ ಹುಡುಗನೊಬ್ಬನಿದ್ದ. ನಮ್ಮದೇ ವಯಸ್ಸು. ಬಾಯಿ ಬಹಳ ಒರಟು, ನಮ್ಮನ್ನು ಅಣಕಿಸುತ್ತಿದ್ದ, ಯಾರಿಗೂ ಬೇಡವಾದವನು. ಒಂದು ದಿನ ಅವನ ಕಿಸೆಯಲ್ಲಿ ಎರಡು ಹಿಡಿ ತೊಗರಿ ಸಿಕ್ಕಿತು. ದೊಡ್ಡವರು ಅವನ ಮೋರೆಗೆ ಮಸಿ ಬಳಿದು ಅಂಗಡಿಯ ಮುಂದೆ ಬಿಸಿಲಲ್ಲಿ ನಿಲ್ಲಿಸಿದರು. ಮಕ್ಕಳೆಲ್ಲ ಸುತ್ತ ನಿಂತು ಚಪ್ಪಾಳೆ ಹೊಡೆದೆವು. ಎಲ್ಲರಿಗಿಂತ ಜೋರಾಗಿ ಹೊಡೆದವರು ನಾವೇ. ಎರಡು ಹಿಡಿ ತೊಗರಿಯ ಬೆಲೆ ಎಷ್ಟು, ಆ ವರ್ಷ ಅವನ ಮನೆಯಲ್ಲಿ ಒಲೆ ಹೊತ್ತಿತ್ತೋ ಇಲ್ಲವೋ, ಯಾರೂ ಕೇಳಲಿಲ್ಲ. ಮರುದಿನದಿಂದ ಅವನು ಬರಲಿಲ್ಲ.

ಕ್ಷಮಾವಾಣಿಯ ದಿನ ಮಗಳು ಮೊಮ್ಮಗನನ್ನು ಕರೆದುಕೊಂಡು ಆ ಹುಡುಗಿಯ ಮನೆಗೆ ಹೋದಳು. ಅವನು ತನ್ನ ಕೂಡಿಟ್ಟ ಹಣದಿಂದ ಹೊಸ ದಫ್ತರ ಕೊಂಡಿದ್ದ. ಹುಡುಗಿ ಅವನ ಸಂಗಡ ಮಾತನಾಡಲಿಲ್ಲವಂತೆ. ದಫ್ತರವನ್ನೂ ಮುಟ್ಟಲಿಲ್ಲ, ಅವಳ ತಾಯಿ ಇಸಿದುಕೊಂಡರು. ಸೋಮವಾರ ಶಾಲೆಗೆ ಬಂದಳೆಂದು ಫೋನಿನಲ್ಲಿ ತಿಳಿಯಿತು. ಹಳೆಯ ದಫ್ತರವನ್ನೇ ತಂದಿದ್ದಳಂತೆ.

ಮಕ್ಕಳು ಯಾವ ಭಾಷೆಯ ಪುಸ್ತಕವನ್ನಾದರೂ ಓದಲಿ, ಬೇಡವೆನ್ನಬಾರದು. ಸಂಜೆ ಊಟವಾದ ಮೇಲೆ ಹತ್ತು ನಿಮಿಷ ಹತ್ತಿರ ಕುಳಿತು ಕಥೆ ಹೇಳಿಸಿಕೊಳ್ಳಿ. ಕೆಟ್ಟವನಿಗೆ ಏನಾಯಿತೆಂದು ಕೇಳಿ, ಆಗ ನಿನಗೆ ಏನೆನಿಸಿತೆಂದೂ ಕೇಳಿ. ಎರಡನೆಯ ಪ್ರಶ್ನೆಯನ್ನು ನಮಗೆ ಹನ್ನೆರಡನೆಯ ವಯಸ್ಸಿನಲ್ಲಿ ಯಾರೂ ಕೇಳಲಿಲ್ಲ. ಮೊಮ್ಮಗನಿಗಾದರೂ ಕ್ಷಮೆ ಕೇಳಲು ಒಂದು ಮನೆಯಿತ್ತು. ನಿಲಂಗಾ ಕಡೆಯ ಆ ಹುಡುಗನ ಊರಿನ ಹೆಸರೂ ನಮಗೆ ನೆನಪಿಲ್ಲ.