ಚಿತ್ರಯಂತ್ರದ ಸ್ಮೃತಿಯಲ್ಲಿ ಕಾರ್ಯನಿರತ ಬಫರುಗಳು

ರಾಯಚೂರು–ಗುಂತಕಲ್ಲು ರೈಲುಮಾರ್ಗದಲ್ಲಿ ಮಟಮಾರಿ ಒಂದು ಚಿಕ್ಕ ನಿಲ್ದಾಣ. 1871ರಲ್ಲಿ ಮದರಾಸಿನ ಹಳಿಯೂ ಮುಂಬಯಿಯ ಹಳಿಯೂ ರಾಯಚೂರಿನಲ್ಲಿ ಕೂಡಿದುವು. ಟೋಕನ್ ಪದ್ಧತಿಯಿರುವ ಒಂಟಿ ಹಳಿಯಲ್ಲಿ, ಹೊರಟ ಗಾಡಿಯು ತನ್ನ ಟೋಕನ್ನನ್ನು ಮುಂದಿನ ನಿಲ್ದಾಣದಲ್ಲಿ ಒಪ್ಪಿಸುವವರೆಗೆ ನಡುವಣ ಭಾಗಕ್ಕೆ ಮತ್ತೊಂದು ಗಾಡಿಯನ್ನು ಬಿಡುವಂತಿಲ್ಲ. ಗಾಡಿ ಕಣ್ಮರೆಯಾದ ಮಾತ್ರಕ್ಕೆ ಹಳಿ ತೆರವಾಯಿತೆಂದು ಯಾವ ಸ್ಟೇಷನ್ ಮಾಸ್ತರನೂ ಎಣಿಸನು. ಗಣಕಯಂತ್ರದಲ್ಲಿ ಚಿತ್ರಗಳನ್ನು ನಿರ್ವಹಿಸುವ ಚಾಲಕ ತಂತ್ರಾಂಶಕ್ಕೂ ಇದೇ ಎಚ್ಚರ ಬೇಕು.

ಮುಖ್ಯ ಸಂಸ್ಕಾರಕವು ಆಜ್ಞೆಗಳನ್ನು ಬರೆದು ಚಿತ್ರಸಂಸ್ಕಾರಕಕ್ಕೆ ಒಪ್ಪಿಸಿ, ಕಾಯದೆ ಮುಂದಿನ ಕೆಲಸಕ್ಕೆ ತೊಡಗುತ್ತದೆ. ಚಿತ್ರದ ದತ್ತಾಂಶವನ್ನಿರಿಸಿದ ಸ್ಮೃತಿಖಂಡವೇ ಬಫರು. ಮಸ್ಕಿಯ ಅಶೋಕಶಾಸನದ ಛಾಯಾಚಿತ್ರವಿರುವ ಬಫರನ್ನು ಚಿತ್ರಸಂಸ್ಕಾರಕವು ಓದುತ್ತಿರುವಾಗಲೇ ಅದರಲ್ಲಿ ಬೇರೊಂದು ಶಾಸನದ ಚಿತ್ರವನ್ನು ತುಂಬಿದರೆ, ತೆರೆಯ ಮೇಲೆ ಅರ್ಧ ಒಂದು, ಅರ್ಧ ಇನ್ನೊಂದು ಮೂಡಬಹುದು. ತೆರೆಯಲ್ಲಿಯೇ ಲಿಪಿಯನ್ನು ಓದುವವನಿಗೆ ಇದು ಸಣ್ಣ ದೋಷವಲ್ಲ. ಆಜ್ಞೆ ಹೊರಟ ದಿನವೇ ಅದು ಜಾರಿಗೆ ಬಂದಿತೆಂದು ನಂಬುವುದು, ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಹಳೆಯ ತಪ್ಪೂ ಹೌದು!

ಆದುದರಿಂದ ಚಾಲಕ ತಂತ್ರಾಂಶವು ಒಂದು ಲೆಕ್ಕವನ್ನಿಡುತ್ತದೆ. ಪ್ರತಿಯೊಂದು ಆಜ್ಞಾಗುಚ್ಛಕ್ಕೂ ಕ್ರಮಸಂಖ್ಯೆಯುಂಟು. ಮುಗಿದ ಗುಚ್ಛದ ಸಂಖ್ಯೆಯನ್ನು ಚಿತ್ರಸಂಸ್ಕಾರಕವು ಸ್ಮೃತಿಯಲ್ಲಿ ಬರೆಯುತ್ತದೆ. ಬಫರನ್ನು ಕೊನೆಯದಾಗಿ ಬಳಸುವ ಗುಚ್ಛ 58, ಮುಗಿದುದು 56 ಎಂದಾದರೆ ಆ ಬಫರು ಇನ್ನೂ ಕಾರ್ಯನಿರತ. ಮುಖ್ಯ ಸಂಸ್ಕಾರಕವು ಅದನ್ನು ಓದಬೇಕಾದರೆ ಅದರೊಳಗಿನ ಬರವಣಿಗೆ ಮುಗಿದಿದ್ದರೆ ಸಾಕು. ಬರೆಯಬೇಕಾದರೆ ಓದುತ್ತಿರುವವರೂ ಮುಗಿಸಿರಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಆಜ್ಞೆಗಳನ್ನು ಒಂದೊಂದಾಗಿ ಕಳುಹಿಸದೆ ಕೂಡಿಟ್ಟು ಕಳುಹಿಸುವುದು ರೂಢಿ. ಇನ್ನೂ ಕಳುಹಿಸದ ಗುಚ್ಛದಲ್ಲಿಯೇ ಬಫರಿನ ಉಲ್ಲೇಖವಿದ್ದರೆ, ಅದು ಬಿಡುಗಡೆಯಾಗಲೆಂದು ಕಾಯುವುದು ಅಂಚೆಗೆ ಹಾಕದ ಪತ್ರಕ್ಕೆ ಉತ್ತರ ನಿರೀಕ್ಷಿಸಿದಂತೆ. ಯಂತ್ರವು ನಿಂತೇ ಬಿಡುತ್ತದೆ. ಮೊದಲು ಗುಚ್ಛವನ್ನು ರವಾನಿಸಬೇಕು, ಬಳಿಕ ಕಾಯಬೇಕು. ಈ ರವಾನೆಗೆ ‘ಫ್ಲಷ್’ ಎಂದು ಹೆಸರು. ಕ್ಯಾಷ್ ಸ್ಮೃತಿಯಲ್ಲಿ ಉಳಿದುದನ್ನು ಮುಖ್ಯಸ್ಮೃತಿಗೆ ಇಳಿಸುವುದಕ್ಕೂ ಅದೇ ಹೆಸರಿರುವುದು ಗೊಂದಲಕ್ಕೆ ಕಾರಣ. ಆದರೆ ಮಾತುಮಾತಿಗೆ ರವಾನಿಸಿ ಕಾಯುತ್ತಿದ್ದರೆ ಎರಡು ಸಂಸ್ಕಾರಕಗಳೂ ಸರದಿಯಂತೆ ಸುಮ್ಮನಿರಬೇಕಾಗುತ್ತದೆ. ಹಳೆಯ ದತ್ತಾಂಶವೇ ಬೇಡವಾಗಿದ್ದಲ್ಲಿ ಹೊಸ ಸ್ಮೃತಿಖಂಡವನ್ನು ಕೊಟ್ಟು, ಹಳೆಯದನ್ನು ಕೆಲಸ ಮುಗಿದ ಮೇಲೆ ಬಿಡಿಸಿಕೊಳ್ಳುವುದೇ ಜಾಣತನ.

ಲಿನಕ್ಸ್‌ನಲ್ಲಿ ಇಂತಹ ಲೆಕ್ಕವನ್ನು ತಿರುಳಿನೊಳಗೆ ತಂದ ‘ಜೆಮ್’ ವ್ಯವಸ್ಥೆಯು 2008ರ ಡಿಸೆಂಬರಿನಲ್ಲಿ 2.6.28ನೆಯ ಆವೃತ್ತಿಯೊಡನೆ ಹೊರಬಂದಿತು. ಇಂಟೆಲ್ ಸಂಸ್ಥೆಯ ಕೀತ್ ಪ್ಯಾಕರ್ಡ್ ಮತ್ತು ಎರಿಕ್ ಆನ್‌ಹೋಲ್ಟ್ ಅದರ ಕರ್ತೃಗಳು. ಬಫರು ಕಾರ್ಯನಿರತವೇ ಎಂದು ಕೇಳುವ ಕರೆಯೊಂದು ಅದರಲ್ಲಿದೆ. 2012ರ 3.3ನೆಯ ಆವೃತ್ತಿಯು ಕ್ಯಾಮರಾ ಮುಂತಾದ ಬೇರೆ ಸಾಧನಗಳೊಡನೆ ಬಫರನ್ನು ಹಂಚಿಕೊಳ್ಳುವ ದಾರಿ ತೆರೆಯಿತು. ಆಗ ಒಂದೇ ಚಾಲಕದ ಲೆಕ್ಕ ಸಾಲದಾಯಿತು. ಕೆಲಸ ಮುಗಿದುದರ ಗುರುತು, ಟೋಕನ್ನಿನಂತೆ, ಬಫರಿನ ಜೊತೆಯಲ್ಲಿಯೇ ಸಾಗಬೇಕಾಯಿತು.